ತಳದ ಮೊದಲ ಗೆರೆ

ನೀರಿನ ಸಂಪರ್ಕವನ್ನು ಗಂಡನ ಹೆಸರಿನಿಂದ ನನ್ನ ಹೆಸರಿಗೆ ಬದಲಿಸುವ ಅರ್ಜಿ ಹಿಡಿದು ಪುರಸಭೆಯಲ್ಲಿ ಕಾಯುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ಒಬ್ಬ ಮುದುಕರು, ಅವರ ಮೊಮ್ಮಗಳು.

“ಅಜ್ಜಾ, ನೂರು ವರ್ಷ ಹಳೇದು ಅಂತ ತೋರಿಸಿದ್ರೆ ಮಾತ್ರ ಪಂಪ್‌ಹೌಸ್ ಕೆಡವದೆ ಬಿಡ್ತಾರೆ. ಬಾಗಿಲ ಮೇಲಿನ ಕಲ್ಲು ನೋಡಿದ್ರೆ ಅರವತ್ತೇ.”

“ಆ ಕಲ್ಲು ಹೊಸ ಮೋಟಾರ್ ತಂದಾಗ ಕೂರಿಸಿದ್ದು. ಹೊಸ ಅಂಗಿ ಹೊಲಿಸಿದ ದಿನಾನೇ ಹುಟ್ಟಿದ ದಿನ ಅಂತಾರಾ?”

“ಮತ್ತೆ ಸಾಕ್ಷಿ?”

“ಪಂಪ್‌ಹೌಸಿನ ಬಾವಿ ಗೋಡೆ ಮೇಲಿದೆ. ಪ್ರತಿ ಬೇಸಿಗೇಲೂ ನೀರು ಎಲ್ಲಿಗೆ ಇಳೀತೋ ಅಲ್ಲೊಂದು ಗೆರೆ ಕೊರೆದು ಇಸವಿ ಹಾಕ್ತಿದ್ವಿ. ನಾನೇ ಮೂವತ್ತು ಕೊರೆದಿದೀನಿ. ಮೊದಲನೇದು, ಬಾವೀಲಿ ಇನ್ನೂ ನೀರು ತುಂಬೋಕೆ ಮುಂಚೆ, ನಮ್ಮಜ್ಜ ತಳದಲ್ಲಿ ಕೊರೆದದ್ದು. ನೂರಾ ನಾಲ್ಕು ವರ್ಷ ಆಯ್ತು.”

“ನೀನು ನೋಡಿದೀಯಾ?”

“ಹೂಳೆತ್ತಿದಾಗ ಕೈಯಾರೆ ಮುಟ್ಟಿದೀನಿ.”

“ಬಾಯಿಮಾತು ನಂಬಲ್ಲ ಅವರು.”

“ನಂಬೋದು ಬೇಡ. ಬಾವಿ ಖಾಲಿ ಮಾಡಿಸಿ ಇಳಿದು ನೋಡ್ಲಿ.”

“ಊರಿಗೆ ಒಂದಿಡೀ ದಿನ ನೀರಿರಲ್ಲ. ಜನ ಬೈತಾರೆ.”

“ಮೊದಲೇ ಹೇಳಿದ್ರೆ ತುಂಬಿಸಿಟ್ಕೋತಾರೆ. ಇಷ್ಟು ವರ್ಷ ನೀರು ಬಿಟ್ಟವನು ನಾನು. ನನ್ನ ಮಾತು ಕೇಳ್ತಾರೆ.”

ಅಧಿಕಾರಿಯ ಕೋಣೆಯಿಂದ ಕರೆ ಬಂತು. ಅಜ್ಜ ಎದ್ದು ನನ್ನ ಕಡೆ ತಿರುಗಿದರು.

“ಭಾನುವಾರ ನೀರು ಬರಲ್ಲಮ್ಮ. ಅಕ್ಕಪಕ್ಕದವರಿಗೂ ಹೇಳ್ಬಿಡು.”

ಆಮೇಲೆ ಅನುಮತಿ ಕೇಳಲು ಒಳಗೆ ಹೋದರು.