ಬಾವಿ ಕೇಳಿಸಿಕೊಂಡ ಹೆಸರು

ಬನ್ನಿ, ಹತ್ತಿರ ಬನ್ನಿ. ದೂರ ಕೂತವರಿಗೆ ಕಥೆ ಅರ್ಧವೇ ಸಿಗುತ್ತೆ, ಆಮೇಲೆ ನನ್ನ ಬೈಬೇಡಿ.

ಒಂದಾನೊಂದು ಕಾಲ. ನಮ್ಮಜ್ಜಿಯ ಅಜ್ಜಿಗೆ ಇನ್ನೂ ಹಾಲುಹಲ್ಲು ಬಂದಿರದ ಕಾಲ. ಒಂದು ಊರು. ಊರಿನ ಹೆಸರು ಕೇಳಬೇಡಿ, ನನಗೂ ಗೊತ್ತಿಲ್ಲ. ಆದರೆ ಆ ಊರಿನ ಬಾವಿಗಳಿಗೆಲ್ಲ ಹೆಸರಿತ್ತು. ಎಂಥ ಹೆಸರು? ಎಲ್ಲ ಹೆಂಗಸರ ಹೆಸರು! ಈರವ್ವನ ಬಾವಿ, ಮಾಳವ್ವನ ಬಾವಿ, ಹೀಗೆ. ಹೊಲ ಗಂಡಸರ ಹೆಸರಲ್ಲಿ, ಮಕ್ಕಳು ಗಂಡಸರ ಹೆಸರಲ್ಲಿ. ಹೆಂಗಸಿನ ಹೆಸರು ಉಳಿಯೋದಕ್ಕೆ ಬಾವಿಯೊಂದೇ ಜಾಗ.

ಆ ಊರಲ್ಲೊಂದು ಮನೆ, ಮನೆಗೊಬ್ಬಳು ಅತ್ತೆ, ಅತ್ತೆಗಿಬ್ಬರು ಸೊಸೆಯರು. ದೊಡ್ಡವಳು ಸಾಕವ್ವ, ಚಿಕ್ಕವಳು ಹೊನ್ನಿ. ಹೊನ್ನಿ ಬರೋತನಕ ಸಾಕವ್ವ ತಟ್ಟಿದ್ದೇ ರೊಟ್ಟಿ, ಸಾಕವ್ವ ಕಾಯಿಸಿದ್ದೇ ಸಾರು. ಹೊನ್ನಿ ಬಂದಳು. ಅತ್ತೆ ಒಂದು ದಿನ, "ಸಾರು ಚೆನ್ನಾಗಿದೆ ಕಣೆ ಹೊನ್ನಿ" ಅಂದಳು. ಅಷ್ಟೇ! ಸಾಕವ್ವನ ಹೊಟ್ಟೆಯಲ್ಲಿ ಒಲೆ ಹತ್ತಿಕೊಂಡಿತು. ಸೌದೆ ಬೇಡ, ಊದುಗೊಳವೆ ಬೇಡ, ತಾನೇ ಉರಿಯೋ ಒಲೆ. ಕಸ ಗುಡಿಸುವಾಗ, ಕಾಳು ಕೇರುವಾಗ, ಎಮ್ಮೆ ಕರೆಯುವಾಗ, ಹಲ್ಲು ಕಚ್ಚಿಕೊಂಡು ಒಂದೇ ಜಪ: "ಹೊನ್ನಿ, ಹೊನ್ನಿ, ಹೊನ್ನಿ!"

ಹೀಗಿರುವಾಗ ಮಾಗಿಯಲ್ಲಿ ಮನೆಯವರು ಹಿತ್ತಲಲ್ಲಿ ಬಾವಿ ತೋಡಿಸಿದರು. ನೀರೂ ಬಂತು. ಅತ್ತೆ ಸೊಸೆಯರನ್ನ ಕರೆದಳು.

"ಜೀವ ಇಲ್ಲದ ಬಾವಿ ಬರೀ ಗುಂಡಿ ಕಣ್ರೇ. ನಮ್ಮೂರ ಪದ್ಧತಿ ಗೊತ್ತಲ್ಲ? ಒಂದು ಕಪ್ಪೆ, ಒಂದು ಆಮೆ, ಒಂದು ನೀರುಹಾವು. ಮೂರನ್ನೂ ನೋಯಿಸದೆ ಯಾರು ತರ್ತೀರೋ, ಅವರು ಬಾವಿಗೆ ಬಿಟ್ಟು, ಬಗ್ಗಿ ಮೂರು ಸಲ ಹೆಸರು ಕೂಗಬೇಕು. ಬಾವಿ ಏನು ಕೇಳಿಸಿಕೊಳ್ಳುತ್ತೋ ಅದೇ ಅದರ ಹೆಸರು. ಆಮೇಲೆ ಬ್ರಹ್ಮ ಬಂದರೂ ಬದಲಾಗಲ್ಲ."

ಏನಮ್ಮ, ಹಾವು ಕಪ್ಪೇನ ನುಂಗಲ್ವಾ ಅಂತೀಯಾ? ಒಂದೇ ಮನೇಲಿ ವಾರಗಿತ್ತಿಯರು ಬಾಳಲ್ವಾ? ಸುಮ್ಮನೆ ಕೇಳು.

ಸಾಕವ್ವ ತಡೆದಾಳಾ? ಮಾರನೇ ಬೆಳಗ್ಗೆಯೇ ಬುಟ್ಟಿ ಎತ್ತಿಕೊಂಡು ಕೆರೆಗೆ ಹೊರಟಳು. ಮಂಜು, ಚಳಿ. ಕಲ್ಲು ಮಗುಚಿದಳು, ಜೊಂಡು ಕೆದಕಿದಳು. ಕಪ್ಪೆಯ ಸುಳಿವಿಲ್ಲ. "ಹೊನ್ನಿ, ಹೊನ್ನಿ, ಹೊನ್ನಿ!" ಅಂತ ಗೊಣಗುತ್ತಾ, ಮೂಗು ಒರೆಸುತ್ತಾ ಬಂದರೆ, ಹೊನ್ನಿ ಒಲೆ ಮುಂದೆ ಬೆಚ್ಚಗೆ ಕೂತು ಅವರೆಕಾಯಿ ಸುಲಿಯುತ್ತಿದ್ದಾಳೆ.

"ನೀನ್ಯಾಕೆ ಹುಡುಕೋಕೆ ಹೋಗಲ್ಲ?"

"ಈ ಚಳೀಲಿ ಅವೂ ಎಲ್ಲೋ ಮುದುರಿಕೊಂಡು ಮಲಗಿರ್ತವೆ ಅಕ್ಕ. ಪಾಪ, ಎಬ್ಬಿಸೋದ್ಯಾಕೆ?"

ಸಾಕವ್ವ ನಂಬಿದಳಾ? ಇಲ್ಲ. ಇವಳು ಏನೋ ಮುಚ್ಚಿಡ್ತಿದ್ದಾಳೆ ಅಂದುಕೊಂಡಳು. ಬೇಸಿಗೆ ಬಂತು. ಕೆರೆಯಂಗಳ ಬಿರಿದು ಬಾಯಿ ಬಿಟ್ಟಿತ್ತು. ಸಾಕವ್ವ ಮತ್ತೆ ಹೋದಳು. ಬೇಲಿ ಮೇಲೊಂದು ಓತಿಕ್ಯಾತ ಇವಳನ್ನೇ ನೋಡಿ ತಲೆ ಅಲ್ಲಾಡಿಸಿತು. "ನೀನೂ ಅವಳ ಕಡೆಯಾ?" ಅಂತ ಹೆಂಟೆ ಎಸೆದಳು. ಅಂಗಾಲು ಸುಟ್ಟುಕೊಂಡು, "ಹೊನ್ನಿ, ಹೊನ್ನಿ, ಹೊನ್ನಿ!" ಅಂತ ಬಂದರೆ, ಅತ್ತೆ ಹೊನ್ನಿಯ ತಲೆಗೆ ಎಣ್ಣೆ ಹಚ್ಚುತ್ತಿದ್ದಾಳೆ. ನೋಡಿ ಸಾಕವ್ವನ ಕಣ್ಣು ಉರಿಯಿತು, ಮೈಯೆಲ್ಲ ಉರಿಯಿತು.

"ಆತುರಗಾರನಿಗೆ ಬುದ್ಧಿ ಮಟ್ಟ" ಅಂತ ಅತ್ತೆ ನಕ್ಕಳು. ಹೊನ್ನಿ ನಗಲಿಲ್ಲ.

"ಮಳೆಗೆ ಕಾಯೋಣ ಅಕ್ಕ. ಮುಂಗಾರಿನ ಮೊದಲ ದೊಡ್ಡ ಮಳೆ ಬಿದ್ದ ಸಂಜೆ ಕಪ್ಪೆ ತಾನೇ ಕೂಗಿ ಕರೆಯುತ್ತೆ. ಕಪ್ಪೆ ಇದ್ದ ಕಡೆ ಹಾವು ಬರುತ್ತೆ. ಆಮೆ ಹೊಸ ನೀರು ಅರಸಿ ದಾರಿಗೇ ಬರುತ್ತೆ. ನಮ್ಮ ತವರಲ್ಲಿ ಆಡು ಮೇಯಿಸುವಾಗ ವರ್ಷವರ್ಷವೂ ನೋಡೀನಿ. ಇಬ್ಬರೂ ಒಟ್ಟಿಗೆ ಹೋಗೋಣ."

ಇಬ್ಬರೂ! ಆ ಮಾತು ಸಾಕವ್ವನಿಗೆ ಮುಳ್ಳಿನ ಹಾಗೆ ಚುಚ್ಚಿತು. ಬಾವಿ ಒಂದು, ಹೆಸರೂ ಒಂದು. ಇಬ್ಬರು ಹೋದರೆ ಅತ್ತೆ ಯಾರ ಹೆಸರು ಅಂತಾಳೆ? ಹೇಳಬೇಕಾ?

ಮೃಗಶಿರ ಮಳೆ ಕಟ್ಟಿತು. ಆಕಾಶ ಕಪ್ಪಾಯಿತು. ಸಾಕವ್ವ ಓಡೋಡಿ ಬಂದು, "ಅಯ್ಯೋ ಹೊನ್ನಿ, ನಿನ್ನ ತವರಿಂದ ಸುದ್ದಿ ಬಂತು. ನಿಮ್ಮವ್ವಂಗೆ ಮೈ ಹುಷಾರಿಲ್ವಂತೆ!" ಅಂದಳು. ಸುದ್ದಿಯೂ ಇಲ್ಲ, ಸುಡುಗಾಡೂ ಇಲ್ಲ. ಹೊನ್ನಿ ಪಾಪ, ಸೆರಗು ಬಾಯಿಗೆ ಒತ್ತಿಕೊಂಡು ಓಡಿದಳು.

ಮಳೆ ಸುರಿಯಿತು. ಕೆರೆಯಂಗಳದ ತುಂಬ ವಟವಟ ವಟವಟ! ಹೊನ್ನಿ ಹೇಳಿದ ಹಾಗೇ ಕಪ್ಪೆ ಕರೆಯಿತು, ಹಾವು ಹರಿದು ಬಂತು, ಆಮೆ ದಾರಿಗೆ ಅಡ್ಡ ಬಂತು. ದೀಪ ಹಚ್ಚೋ ಹೊತ್ತಿಗೆ ಸಾಕವ್ವನ ಬುಟ್ಟಿ ತುಂಬಿತು.

ಬೆಳಗ್ಗೆ ಊರೆಲ್ಲ ಹಿತ್ತಲಲ್ಲಿ ನೆರೆಯಿತು. ಅಷ್ಟರಲ್ಲಿ ಮೊಣಕಾಲ ತನಕ ಕೆಸರು ಮಾಡಿಕೊಂಡು ಹೊನ್ನಿ ಬಂದಳು.

"ನಮ್ಮವ್ವ ರಾಗಿ ಬೀಸ್ತಾ ಕೂತಿದ್ಲು ಅಕ್ಕ, ಚೆನ್ನಾಗೇ..." ಅಂದವಳು ಬುಟ್ಟಿ ನೋಡಿದಳು. ಕಣ್ಣು ತುಂಬಿತು.

ಸಾಕವ್ವ ಅತ್ತ ತಿರುಗಲೇ ಇಲ್ಲ. ಕಪ್ಪೆ ಬಿಟ್ಟಳು, ಆಮೆ ಬಿಟ್ಟಳು, ಹಾವು ಬಿಟ್ಟಳು. ಕಟ್ಟೆ ಹಿಡಿದು ಬಗ್ಗಿದಳು. ಎದೆ ತುಂಬ ಉಸಿರು ಎಳೆದು, ತನ್ನ ಹೆಸರು ಕೂಗಬೇಕು ಅಂತ ಬಾಯಿ ತೆರೆದಳು.

"ಹೊನ್ನೀ!"

ಬಾವಿ "ಹೊನ್ನೀ" ಅಂತು. ಸಾಕವ್ವ ಬೆಚ್ಚಿದಳು. ನಾಲಿಗೆ ಕಚ್ಚಿಕೊಂಡಳು, ಮತ್ತೆ ಕೂಗಿದಳು. "ಹೊನ್ನೀ!" ಅಳು ಬಂತು, ಸಿಟ್ಟು ಬಂತು, ಇನ್ನೊಮ್ಮೆ ಜೋರಾಗಿ ಕೂಗಿದಳು. "ಹೊನ್ನೀ!" ಅಷ್ಟೂ ದಿನ ಜಪ ಮಾಡಿದ್ದು ಯಾರದ್ದು? ನಾಲಿಗೆಗೆ ಪಳಗಿದ್ದು ಅದೊಂದೇ ಹೆಸರು. ಹೊಟ್ಟೆಕಿಚ್ಚಿನವರ ಬಾಯಲ್ಲಿ ತಮ್ಮ ಹೆಸರು ಎಲ್ಲಿರುತ್ತೆ? ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಊರವರು ಚಪ್ಪಾಳೆ ತಟ್ಟಿದರು. ಅತ್ತೆ ಓಡಿ ಬಂದು ತಬ್ಬಿಕೊಂಡಳು. "ತಾನು ತಂದು ತಂಗಿ ಹೆಸರು ಇಟ್ಟಳಲ್ಲ! ಎಂಥ ದೊಡ್ಡ ಮನಸ್ಸೇ ತಾಯಿ ನಿಂದು!"

ಅಲ್ಲ ಅನ್ನೋ ಹಾಗಿಲ್ಲ, ಹೌದು ಅನ್ನೋ ಹಾಗಿಲ್ಲ. ಸಾಕವ್ವ ನಿಂತಲ್ಲೇ ಬೆವತಳು. ಹೊನ್ನಿ ಮೊದಲ ಕೊಡ ಸೇದಿದಳು, ಸಾಕವ್ವನ ಸೊಂಟದ ಮೇಲೆ ಇಟ್ಟಳು. ಅವಳಿಗಷ್ಟೇ ಕೇಳೋ ಹಾಗೆ ಅಂದಳು, "ನಮ್ಮವ್ವನ ವಿಷಯ ಯಾರಿಗೂ ಹೇಳಲ್ಲ ಅಕ್ಕ. ಆದ್ರೆ ಇನ್ನೊಂದು ಸಲ ಹೆತ್ತವ್ವನ ಮೇಲೆ ಸುಳ್ಳು ಹೇಳಬೇಡ."

ಅಲ್ಲಿಂದಾಚೆ ಸಾಕವ್ವ ನೀರಿಗೆ ಹೊರಟಾಗಲೆಲ್ಲ ದಾರಿಯಲ್ಲಿ ಯಾರಾದರೂ "ಎಲ್ಲಿಗೆ ಸಾಕವ್ವ?" ಅನ್ನೋರು. ಅವಳು ಏನು ಹೇಳಬೇಕು? ಬೆಳಗ್ಗೆ "ಹೊನ್ನಿ ಬಾವಿಗೆ." ಮಧ್ಯಾಹ್ನ "ಹೊನ್ನಿ ಬಾವಿಗೆ." ಸಂಜೆ "ಹೊನ್ನಿ ಬಾವಿಗೆ."

ಬಾವಿ ಅಲ್ಲೇ ಇದೆ, ಕಪ್ಪೆ ಒಳಗಿದೆ. ಸೇದೋದು ನಾನು ಸೇದಿದ್ದಾಯ್ತು, ಇನ್ನು ನಿಮ್ಮ ನಿಮ್ಮ ಕೊಡ ಎತ್ತಿಕೊಂಡು ಮನೆಗೆ ನಡೀರಿ.