ಅಳಿಯನ ಷಷ್ಠಿಯ ಮೀನು

ಕಲ್ಕತ್ತೆಯ ಹಾಲಿನ ಬೂತಿನ ಮುಂದೆ ಸಾಲು ಬೆಳೆದಿತ್ತು. ಪಂಚಾಂಗ ನೋಡದೆ ಹೊಸ ಸೀರೆಯನ್ನೂ ಉಡದ ಮುದುಕಿ ಹೇಮಾಂಗಿನಿಯ ಮುಂದೆ ಶೆಫಾಲಿ ಮತ್ತು ಪಕ್ಕದ ಮನೆಯ ರತ್ನಾವಳಿ ಮಾತಿಗಿಳಿದಿದ್ದರು.

“ನಮ್ಮ ಫ್ರಿಜ್ಜಲ್ಲಿ ಮೇಲೆ ಹಿಮಾಲಯ ಬೆಳೆದಿದೆ ದೀದಿ, ಕೆಳಗೆ ಹಾಲು ಒಡೀತಿದೆ,” ಎಂದಳು ಶೆಫಾಲಿ.

“ಫ್ರೀಜರ್ ಒಳಗೆ ಗಾಳಿ ಬರೋ ಕಂಡಿಗೆ ಏನಾದ್ರೂ ಅಡ್ಡ ಇಟ್ಟಿದ್ದೀಯಾ?”

“ಎರಡು ಇಲಿಶ್ ಮೀನು, ಅಷ್ಟೇ. ಬರೋ ವಾರ ಅಳಿಯನ ಷಷ್ಠಿ ಅಲ್ವಾ? ಅಳಿಯನ್ನ ಕರೆದು ಹಬ್ಬದೂಟ ಹಾಕಬೇಕಲ್ಲ.”

“ಮತ್ತೆ ತಂಪು ಕೆಳಗೆ ಹೇಗೆ ಇಳಿಯುತ್ತೆ? ಎಲ್ಲಾ ತೆಗೆದು, ಸ್ವಿಚ್ ಆರಿಸಿ, ಒಂದು ದಿನ ಬಾಗಿಲು ತೆರೆದಿಡು. ಐಸ್ ಕರಗಲಿ.”

“ಅಯ್ಯೋ, ಮೀನು ಕೆಟ್ಟರೆ ಅಳಿಯನಿಗೆ ಏನು ಬಡಿಸ್ಲಿ?”

“ನಮ್ಮ ಫ್ರಿಜ್ಜಲ್ಲಿ ಇಡು.”

“ನಿಮ್ಮ ಯಜಮಾನ್ರು ಇರೋ ಮನೇಲಾ? ಬೆಳಗಾದ್ರೆ ಬರೀ ಮುಳ್ಳು ವಾಪಸ್ ಬರುತ್ತೆ!”

“ಅದೂ ನಿಜವೇ,” ಎಂದು ರತ್ನಾವಳಿ ನಕ್ಕಳು.

ಶೆಫಾಲಿ ಹಾಲು ಪಡೆದು, ಅಳಿಯನಿಗೆ ಫೋನ್ ಮಾಡುತ್ತಾ ಹೊರಟಳು. “ಅನಿಮೇಶ್, ಇವತ್ತೇ ಊಟಕ್ಕೆ ಬಾಪ್ಪಾ. ಈ ಸಲ ನಮ್ಮನೇಲಿ ಷಷ್ಠಿ ಬೇಗ ಬಂದುಬಿಟ್ಟಿದೆ.”

ಹೇಮಾಂಗಿನಿ ಬೆರಳು ಮಡಿಸಿ ತಿಥಿ ಎಣಿಸಿದಳು. ಇನ್ನೂ ಅಮಾವಾಸ್ಯೆಯೇ ಕಳೆದಿರಲಿಲ್ಲ. ‘ಷಷ್ಠೀದೇವಿ, ಇದೊಂದು ಸಲ ಹೊಂದಿಕೊಳ್ಳಮ್ಮ’ ಎಂದು ಮನಸ್ಸಿನಲ್ಲೇ ಕೈಮುಗಿದು, ತನ್ನ ಹಾಲಿಗೆ ಪಾತ್ರೆ ಚಾಚಿದಳು.