ತೊಡೆಯ ಮೇಲಿನ ಚೀಲ

ಒಂದೂರಿನಲ್ಲಿ ಒಬ್ಬ ಶ್ರೀಮಂತನಿದ್ದ. ಹೆಸರು ಕೇಳಬೇಡಿ. ಹೇಳಿದರೆ ಎಲ್ಲರೂ ಅವನನ್ನೇ ಹುಡುಕುತ್ತೀರಿ, ನಿಮ್ಮನ್ನು ನೀವು ನೋಡಿಕೊಳ್ಳುವುದಿಲ್ಲ.

ಪಕ್ಕದ ಊರಿನಲ್ಲಿ ಅವನ ಮಗನ ಮದುವೆ. ಬೆಳಿಗ್ಗೆ ನೋಡಿದರೆ ತಾಳಿಯೇ ಇಲ್ಲ, ಮನೆಯ ತಿಜೋರಿಯಲ್ಲಿ ಉಳಿದಿದೆ. ಕೀಲಿಯನ್ನು ಯಾರ ಕೈಗೆ ಕೊಡುವುದು? ಒಡಹುಟ್ಟಿದ ತಮ್ಮನನ್ನೂ ನಂಬುವ ಆಸಾಮಿಯಲ್ಲ. ತಾನೇ ಕಾರಿನಲ್ಲಿ ಹೋಗಿ ತಂದ. ಬರುವಾಗ ಕಾರು ನಡುದಾರಿಯಲ್ಲಿ ಕೆಟ್ಟಿತು. ಮುಹೂರ್ತ ಹತ್ತಿರ. ಹಿಂದೆ ಬಂದ ಬಸ್ಸಿಗೆ ಕೈ ಮಾಡಿ ಹತ್ತಿದ.

ಒಳಗೆ ಕಾಲಿಡಲು ಜಾಗವಿಲ್ಲ. ತಾಳಿಯಿದ್ದ ಚೀಲವನ್ನು ಎರಡೂ ಕೈಯಲ್ಲಿ ಅವುಚಿಕೊಂಡು ನಿಂತ. ಇನ್ನು ಕಂಬಿ ಹಿಡಿಯಲು ಕೈ ಎಲ್ಲಿದೆ? ಕುಳಿತಿದ್ದ ಒಬ್ಬ ಮುದುಕಿ ಕೈ ಚಾಚಿದಳು.

"ಚೀಲ ಇಲ್ಲಿ ಕೊಡ್ರಿ ಯಜಮಾನ್ರ, ತೊಡಿ ಮ್ಯಾಲ ಇಟ್ಕೊಂಡಿರ್ತೀನಿ."

"ಬ್ಯಾಡ," ಎಂದ. ನೋಡಿ, ಅವಳ ಮುಖವನ್ನೂ ನೋಡದೆ ಬ್ಯಾಡ ಎಂದ. ಒಂದು ಬ್ರೇಕ್ ಬಿತ್ತು, ಮುಗ್ಗರಿಸಿದ. ಮತ್ತೊಂದು ಬಿತ್ತು, ಮುದುಕಿಯ ಪಕ್ಕದಲ್ಲಿದ್ದವನ ಮೈಮೇಲೆಯೇ ಬಿದ್ದ. ಆ ಪುಣ್ಯಾತ್ಮ ಬೈಯಲಿಲ್ಲ, ಎದ್ದು ಜಾಗ ಬಿಟ್ಟುಕೊಟ್ಟ. ಶ್ರೀಮಂತ ಕುಳಿತ. ಬಾಯಿಮಾತಿನ ಉಪಚಾರವೂ ಇಲ್ಲ.

ಮುಂದಿನ ನಿಲ್ದಾಣದಲ್ಲಿ ಕೂಸನ್ನೆತ್ತಿಕೊಂಡು ಒಬ್ಬ ತಾಯಿ ಹತ್ತಿದಳು. ಕೇಳಲಿಲ್ಲ, ಹೇಳಲಿಲ್ಲ, ಕೂಸನ್ನು ಅವನ ತೊಡೆಗೆ ಇಳಿಸಿ ಕಂಬಿ ಹಿಡಿದಳು. ಕೂಸು ಅವನ ಕನ್ನಡಕಕ್ಕೆ ಕೈ ಹಾಕಿತು. ತಿರುವಿನಲ್ಲಿ ಬಸ್ಸು ವಾಲಿತು. ಕೂಸನ್ನು ಹಿಡಿಯಬೇಕು, ಚೀಲವನ್ನೂ ಹಿಡಿಯಬೇಕು. ಆಗುತ್ತದೆಯೇ? ಕೊನೆಗೆ ಚೀಲವನ್ನು ಮುದುಕಿಗೇ ಕೊಟ್ಟ. ಅವಳು ಆಡಿ ತೋರಿಸಲಿಲ್ಲ. ತೊಡೆಯ ಮೇಲಿಟ್ಟುಕೊಂಡು ಕಿಟಕಿಯಾಚೆ ನೋಡುತ್ತ ಕುಳಿತಳು.

ಇಳಿಯುವ ಊರು ಬಂತು. ಚೀಲ ವಾಪಸು ಪಡೆದು ಅವನು ಆ ತಾಯಿಯನ್ನು ಕೇಳಿದ, "ನಾ ಯಾರಂತ ನಿನಗ ಗೊತ್ತಿಲ್ಲ. ಕೂಸನ್ನ ಹೆಂಗ ಕೊಟ್ಟೆವ್ವಾ?"

"ನೀವು ಕುಂತಿದ್ರಿ, ನಾ ನಿಂತಿದ್ದೆ. ಇದ್ರಾಗ ಕೇಳೂದೇನೈತ್ರಿ?"

ಅವನು ಮುಹೂರ್ತಕ್ಕೆ ಸರಿಯಾಗಿ ಮುಟ್ಟಿದ. ಕಟ್ಟುವ ಮುಂಚೆ ತಾಳಿಯನ್ನು ತಟ್ಟೆಯಲ್ಲಿಟ್ಟು ಮಂದಿಗೆಲ್ಲ ಮುಟ್ಟಿಸಿಕೊಂಡು ಬರುತ್ತಾರಲ್ಲ, ಆ ತಟ್ಟೆಯನ್ನು ತಮ್ಮನ ಕೈಗೆ ಕೊಟ್ಟ.

ಈಗ ನಿಮ್ಮ ಕಡೆಗೆ ಬರೋಣ. ನಾಳೆ ನೀವೂ ಬಸ್ಸು ಹತ್ತುತ್ತೀರಿ. ಸೀಟು ಸಿಕ್ಕಿದೊಡನೆ ನಿಮಗೆ ನಿದ್ದೆ ಬರುತ್ತದೆ. ಯಾಕೆ? ನಿಂತವರು ಕಣ್ಣಿಗೆ ಬೀಳಬಾರದು ನೋಡಿ, ಅದಕ್ಕೆ. ಆ ನಿದ್ದೆ ಬಿಡಿ. ನಿಂತವರ ಚೀಲಕ್ಕೆ ಕೈ ಚಾಚಿ. ನೀವೇ ನಿಂತಿದ್ದರೆ, ಚಾಚಿದ ಕೈಗೆ ನಿಮ್ಮ ಚೀಲ ಕೊಡಿ. ಅದು ಇನ್ನೂ ಕಷ್ಟ, ಅದಕ್ಕೇ ಹೇಳುತ್ತಿದ್ದೇನೆ. ಹತ್ತಿದವರೆಲ್ಲ ಎಲ್ಲೋ ಒಂದು ಕಡೆ ಇಳಿಯುವವರೇ. ಇಳಿಯುವ ತನಕ ನಿಮ್ಮ ತೊಡೆ ಖಾಲಿ ಇರಬಾರದು.